ಅಂಬಾಸಿಡರ್ ಬಂಪರ್‌ನ ಹಳೆ ಕ್ರೋಮ್ ಮನೆಯಲ್ಲೇ ತೆಗೀಬಹುದಾ? ಗೊತ್ತಿರೋರು ಹೇಳಿ

ತೊಗರಿ_ಕಣಜ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ಅಪ್ಪಾಜಿಯ 1972ರ ಅಂಬಾಸಿಡರ್, ಮಾರ್ಕ್ 2, ಸೇಡಂ ರೋಡಿನ ನಮ್ಮ ಹೊಲದ ಶೆಡ್‌ನಲ್ಲಿ ಹನ್ನೊಂದು ವರ್ಷ ನಿಂತಿತ್ತು. ತೊಗರಿ ಚೀಲಕ್ಕೆ ಜಾಗ ಬೇಕು ಅಂತ ಹೊರಗೆ ಎಳೆದಾಗಲೇ ಅದರ ಮುಖ ಸರಿಯಾಗಿ ನೋಡಿದ್ದು. ಇಂಜಿನ್ ಕಥೆ ಆಮೇಲೆ, ಅದು ಹೇಗೋ ಆಗುತ್ತೆ. ಈಗ ಬಂಪರ್ ತಲೆನೋವು. ಮುಂದಿನದು ಬಲಗಡೆ ತುದಿಯಲ್ಲಿ ಹಾವಿನ ಪೊರೆ ಥರ ಸುಲಿದಿದೆ, ಉಗುರು ಹಾಕಿದರೆ ಚಕ್ಕೆ ಏಳುತ್ತೆ, ನಡುವೆ ಪೂರ್ತಿ ಚುಕ್ಕಿ ಚುಕ್ಕಿ ತುಕ್ಕು. ಎಡಗಡೆ ಅಂಗೈಯಷ್ಟು ತಗ್ಗು ಬೇರೆ, ಅಪ್ಪಾಜಿ ಯಾವಾಗ ಎಲ್ಲಿ ಗುದ್ದಿದರೋ ಗೊತ್ತಿಲ್ಲ. ಹಿಂದಿನದು ಪರವಾಗಿಲ್ಲ, ತೊಳೆಯದೆ ಬಿಟ್ಟ ಸ್ಟೀಲ್ ತಟ್ಟೆ ಥರ ಮಂಕಾಗಿದೆ ಅಷ್ಟೆ.

ಹೈದರಾಬಾದ್ ಕಡೆ ಒಬ್ಬ ಪ್ಲೇಟಿಂಗ್‌ನವರಿಗೆ, ಅಂದರೆ ಕರೆಂಟ್ ಕೊಟ್ಟು ಲೋಹದ ಲೇಪ ಹಾಕೋರಿಗೆ, ಫೋಟೋ ಕಳಿಸಿದೆ. ರೇಟ್ ಹೇಳಿ, ಹಳೇದು ತೆಗೆಯೋ ಕೂಲಿ ಬೇರೆ ಅಂದರು. ಆ ಹಳೇದನ್ನ ನಾನೇ ತೆಗೆದು ಕೊಟ್ಟರೆ ಅಷ್ಟು ದುಡ್ಡು ಉಳಿಯುತ್ತಲ್ವಾ ಅಂತ ನನ್ನ ಲೆಕ್ಕ. ಒಬ್ಬರು ಆಸಿಡ್ ಹಾಕು ಅಂತಾರೆ, ಇನ್ನೊಬ್ಬರು ಗ್ರೈಂಡರ್‌ನಲ್ಲಿ ಉಜ್ಜು ಅಂತಾರೆ, ಮತ್ತೊಬ್ಬರು ಬ್ಯಾಟರಿ ಚಾರ್ಜರ್ ಕಟ್ಟಿ ಕರೆಂಟ್ ಕೊಡು ಅಂತಾರೆ. ಯಾವುದು ಸರಿ? ಭಾನುವಾರ ಕೂರಬೇಕು ಅಂತಿದೀನಿ.

ಸ್ಪ್ಯಾನರ್_33 (ಯಾದಗಿರಿ)

ಅಣ್ಣಾ, ಕೂರೋದಕ್ಕೆ ಮುಂಚೆ ಯಾವುದನ್ನ ತೆಗೀತಿದೀರಿ ಅಂತ ತಿಳ್ಕೊಳ್ಳಿ. ನಾವು ಕ್ರೋಮ್ ಕ್ರೋಮ್ ಅಂತೀವಿ, ಅದರಲ್ಲಿ ಕ್ರೋಮ್ ಇರೋದೇ ಕಮ್ಮಿ. ಉಕ್ಕಿನ ಮೇಲೆ ಕೆಲವು ಸಲ ತಾಮ್ರ, ಅದರ ಮೇಲೆ ನಿಕಲ್, ಕೊನೆಗೆ ಕನ್ನಡಿ ಮೇಲೆ ಉಸಿರು ಊದಿದಷ್ಟು ಕ್ರೋಮ್. ಒಳ್ಳೆ ಬಂಪರ್‌ನಲ್ಲಿ ನಿಕಲ್ 20ರಿಂದ 30 ಮೈಕ್ರಾನ್ ಇರುತ್ತೆ. ಕ್ರೋಮ್ ಅರ್ಧ ಮೈಕ್ರಾನ್ ಇದ್ದರೆ ಜಾಸ್ತಿ. ನಮ್ಮ ತಲೆಕೂದಲೇ ಸುಮಾರು 70 ಮೈಕ್ರಾನ್ ದಪ್ಪ, ಲೆಕ್ಕ ಹಾಕ್ಕೊಳ್ಳಿ. ಹೊಳಪೆಲ್ಲ ನಿಕಲ್‌ದು. ಕ್ರೋಮ್ ಅದು ಮಂಕಾಗದ ಹಾಗೆ ಕಾಯುತ್ತೆ, ಆ ತಣ್ಣನೆ ನೀಲಿ ಛಾಯೆ ಕೊಡುತ್ತೆ.

ನಿಮಗೆ ಕಾಣೋ ತುಕ್ಕು ಕ್ರೋಮ್‌ಗೆ ಹಿಡಿದಿದ್ದಲ್ಲ. ಕಣ್ಣಿಗೆ ಕಾಣದ ತೂತಿನಿಂದ ನೀರು ಒಳಗೆ ಇಳಿದಿದೆ, ಒಳಗಿನ ಉಕ್ಕು ತುಕ್ಕು ಹಿಡಿದು ಉಬ್ಬಿ ಮೇಲಿನದನ್ನ ಎತ್ತಿದೆ. ಹಾಗಾಗಿ ಕ್ರೋಮ್ ತೆಗೆದರೆ ಕೆಲಸ ಮುಗಿಯಲ್ಲ, ನಿಕಲ್ ಹಾಗೇ ಕೂತಿರುತ್ತೆ, ಅದರ ಕೆಳಗೆ ತುಕ್ಕು ಕೂತಿರುತ್ತೆ.

ಮೂರು ವಿಷಯ ಹೇಳಿ. ಅಯಸ್ಕಾಂತ ಎಲ್ಲಾ ಭಾಗಕ್ಕೂ ಅಂಟುತ್ತಾ? ಬಂಪರ್ ಹಿಂಬದಿ ಹೇಗಿದೆ? ತೆಗೆದ ಮೇಲೆ ಮತ್ತೆ ಕ್ರೋಮೇ ಮಾಡಿಸ್ತೀರಾ, ಪೇಂಟ್ ಹೊಡೆಸ್ತೀರಾ? ಉತ್ತರದ ಮೇಲೆ ದಾರಿ ಬೇರೆ ಬೇರೆ.

ಜಾಲಿ_ರೈಡ್

ಇಷ್ಟೆಲ್ಲ ಯಾಕೆ ಗುರು. ಪಾಯಖಾನೆ ತೊಳೆಯೋ ಆಸಿಡ್ ಎರಡು ಬಾಟಲಿ ತಂದು ಸುರೀರಿ, ಅರ್ಧ ಗಂಟೆಯಲ್ಲಿ ಕ್ಲೀನ್. ನಮ್ಮ ಹುಡುಗ ಬುಲೆಟ್ ಸೈಲೆನ್ಸರ್‌ಗೆ ಹಾಗೇ ಮಾಡಿದ್ದ.

ಸ್ಪ್ಯಾನರ್_33

ಆ ಸೈಲೆನ್ಸರ್ ಈಗ ಎಲ್ಲಿದೆ?

ಜಾಲಿ_ರೈಡ್

ಗುಜರಿಗೆ ಹೋಯ್ತು. ಆದ್ರೆ ಕ್ರೋಮ್ ಮಾತ್ರ ಪೂರ್ತಿ ಹೋಗಿತ್ತು!

ಪಿಯು_ಕೆಮಿಸ್ಟ್ರಿ (ಬೀದರ್)

ನಾನು ಕಾರಿನವಳಲ್ಲ, ಪಾಠ ಮಾಡೋಳು. ಯಜಮಾನರ ಹಳೆ ಸ್ಕೂಟರ್ ಕಾರಣಕ್ಕೆ ಇಲ್ಲಿ ಓದ್ತಿರ್ತೀನಿ. ಆಸಿಡ್ ಮಾತು ಬಂತಲ್ಲ, ಅದಕ್ಕೆ ಬರೀತಿದೀನಿ.

ಹೈಡ್ರೋಕ್ಲೋರಿಕ್ ಆಸಿಡ್ ಕ್ರೋಮ್ ಕರಗಿಸುತ್ತೆ, ಅದು ನಿಜ. ಪಾಯಖಾನೆಗೆ ಹಾಕೋದು ನೀರು ಬೆರೆಸಿದ್ದು, ನಿಧಾನ. ಗಟ್ಟಿ ಆಸಿಡ್ ಆದರೆ ಬೇಗ. ಗುಳ್ಳೆ ಏಳುತ್ತೆ, ದ್ರಾವಣ ಹಸಿರಾಗುತ್ತೆ. ಆದರೆ ನಿಕಲ್ ಮೇಲೆ ಅದರ ಆಟ ಅಷ್ಟಾಗಿ ನಡೆಯಲ್ಲ. ನಿಕಲ್ ಕಿತ್ತು ಹೋಗಿ ಉಕ್ಕು ಎಲ್ಲಿ ಬಯಲಾಗಿದೆಯೋ ಅಲ್ಲಿ ಮಾತ್ರ ಆಸಿಡ್ ಉಕ್ಕನ್ನ ಗಬಗಬ ತಿನ್ನುತ್ತೆ. ಅಂದರೆ ಚೆನ್ನಾಗಿರೋ ಜಾಗ ಹಾಗೇ ಉಳಿಯುತ್ತೆ, ಕೆಟ್ಟ ಜಾಗ ಇನ್ನೂ ಕೆಡುತ್ತೆ. ನಿಮಗೆ ಬೇಕಾದ್ದಕ್ಕೆ ಪೂರ್ತಿ ಉಲ್ಟಾ.

ಜೊತೆಗೆ ಅದರ ಹೊಗೆ. ಕಲಬುರಗಿ ಮೇ ತಿಂಗಳು, 42–43 ಡಿಗ್ರಿ. ಬಿಸಿಲಲ್ಲಿ ಆಸಿಡ್ ಬಾಟಲಿ ಮುಚ್ಚಳ ತೆಗೆದರೆ ಕಣ್ಣು ಬಿಡೋಕಾಗಲ್ಲ. ಆ ಹೊಗೆ ಗಂಟಲಿಗಷ್ಟೇ ಅಲ್ಲ, ಸುತ್ತಮುತ್ತ ಇರೋ ಕಬ್ಬಿಣಕ್ಕೆಲ್ಲ ಹೋಗಿ ಕೂರುತ್ತೆ. ಮತ್ತೆ, ಆಸಿಡ್ ಉಕ್ಕನ್ನ ತಿನ್ನುವಾಗ ಹೈಡ್ರೋಜನ್ ಹುಟ್ಟುತ್ತೆ, ಸ್ವಲ್ಪ ಉಕ್ಕಿನೊಳಗೇ ಸೇರುತ್ತೆ. ಬಂಪರ್ ತಗಡು ಮೆತ್ತನೆ ಉಕ್ಕು, ತಡ್ಕೊಳ್ಳುತ್ತೆ. ಸ್ಪ್ರಿಂಗ್, ಗಟ್ಟಿ ಬೋಲ್ಟ್ ಹಾಕಬೇಡಿ. ನೋಡೋಕೆ ಸರಿ ಇರುತ್ತೆ, ಬಿಗಿ ಮಾಡಿದ ಮೇಲೆ ಒಂದಿನ ಪಟ್ ಅಂತ ಮುರಿಯುತ್ತೆ.

ಬ್ಯಾಟರಿ ಚಾರ್ಜರ್ ವಿಷಯ ಇನ್ನೂ ಗಂಭೀರ. ಕಾಸ್ಟಿಕ್ ಸೋಡಾ ನೀರಲ್ಲಿ ಬಂಪರ್ ಅದ್ದಿ ಪಾಸಿಟಿವ್ ಕಟ್ಟಿದರೆ ಕ್ರೋಮ್ ಸರಾಗವಾಗಿ ಬಿಡುತ್ತೆ, ಕೆಳಗಿನ ಲೋಹಕ್ಕೂ ಏಟಿಲ್ಲ. ಯೂಟ್ಯೂಬ್‌ನಲ್ಲಿ ನೋಡೋಕೆ ಚೆಂದ. ಆದರೆ ನೀರಿನ ಬಣ್ಣ ನೋಡಿ, ಹಳದಿ. ಆ ಹಳದಿ ಹೆಕ್ಸಾವೇಲೆಂಟ್ ಕ್ರೋಮಿಯಂ. ಕ್ಯಾನ್ಸರ್ ತರುತ್ತೆ ಅಂತ ಸಾಬೀತಾದ ವಸ್ತು. ಚರ್ಮದಿಂದಲೂ ಇಳಿಯುತ್ತೆ, ಬಾವಿಗೂ ಇಳಿಯುತ್ತೆ. ತಮಿಳುನಾಡಿನ ರಾಣಿಪೇಟೆಯಲ್ಲಿ ಕಾರ್ಖಾನೆ ಬಾಗಿಲು ಹಾಕಿ ಎಷ್ಟೋ ವರ್ಷ ಆದಮೇಲೂ ಅಲ್ಲಿ ಬಿಟ್ಟ ಕ್ರೋಮಿಯಂ ರಾಶಿ ಅಂತರ್ಜಲ ಕೆಡಿಸ್ತಾನೇ ಇತ್ತು. ನಿಮ್ಮದು ಹೊಲದ ಶೆಡ್, ಪಕ್ಕದಲ್ಲೇ ಬೋರ್‌ವೆಲ್ ಇರಬೇಕಲ್ವಾ? ದಯವಿಟ್ಟು ಬೇಡ.

ನವಸಾಗರ (ಬೀದರ್)

ಮೇಡಂ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಸ್ಪ್ಯಾನರ್ ಅಣ್ಣ ಅಯಸ್ಕಾಂತದ ಮಾತು ಎತ್ತಿದರಲ್ಲ, ಅದನ್ನ ಹಗುರವಾಗಿ ತಗೋಬೇಡಿ.

ನಮ್ಮ ಮನೇಲಿ ಬಿದ್ರಿ ಕೆಲಸ. ಬಿದ್ರಿ ಅಂದರೆ ಹೆಚ್ಚಿನ ಪಾಲು ಸತು, ಸ್ವಲ್ಪ ತಾಮ್ರ. ಅದರಲ್ಲಿ ಬೆಳ್ಳಿ ಕೂರಿಸಿ, ಕೋಟೆ ಮಣ್ಣು ನವಸಾಗರ ಹಾಕಿದ ನೀರಲ್ಲಿ ಅದ್ದಿದರೆ ಸತು ಕಪ್ಪಾಗುತ್ತೆ, ಬೆಳ್ಳಿ ಬೆಳ್ಳಗೇ ಉಳಿಯುತ್ತೆ. ಹುಟ್ಟಿದಾಗಿಂದ ಸತುವಿನ ಜೊತೆ ಬೆಳೆದಿದೀವಿ, ಅದರ ಸ್ವಭಾವ ಗೊತ್ತು. ಹಳೆ ಕಾರುಗಳ ಬಾಗಿಲ ಹಿಡಿಕೆ, ಬಾನೆಟ್ ಮೇಲಿನ ಲಾಂಛನ, ಅಕ್ಷರಗಳು, ಇವೆಲ್ಲ ಹೆಚ್ಚಾಗಿ ಉಕ್ಕಲ್ಲ. ಅಚ್ಚಿಗೆ ಹೊಯ್ದ ಸತು. ಒಂಥರ ಬಿದ್ರಿಯ ಬಡ ತಮ್ಮ.

ಹೋದ ವರ್ಷ ನನ್ನ ಅಳಿಯ ಒಂದು ಹಳೆ ಫಿಯಟ್‌ನ ಹಿಡಿಕೆ ತಂದು ನಾನು ಊಟಕ್ಕೆ ಹೋದಾಗ ಆಸಿಡ್ ಬೋಗುಣಿಗೆ ಹಾಕಿದ. ಗೋಲಿ ಸೋಡಾ ಒಡೆದ ಹಾಗೆ ಸದ್ದು. ನಾನು ಬರೋ ಹೊತ್ತಿಗೆ ಮೇಲಿನ ಲೇಪ ತೆಳು ಹಾಳೆ ಹಾಗೆ ತೇಲ್ತಿದೆ, ಒಳಗಿನ ಹಿಡಿಕೆ ಇಲಿ ಕಡಿದ ಖರ್ಜೂರ! ಇಕ್ಕಳದಲ್ಲಿ ಎತ್ತಿದರೆ ಅರ್ಧ ಕೈಗೆ ಬಂತು, ಅರ್ಧ ಅಲ್ಲೇ. ಅಂಥ ಹಿಡಿಕೆ ಇನ್ನೊಂದು ಹುಡುಕೋಕೆ ಹೈದರಾಬಾದ್ ಗುಜರಿಯಲ್ಲಿ ಎರಡು ದಿನ ಅಲೆದ.

ಅಯಸ್ಕಾಂತ ಅಂಟಲಿಲ್ಲ ಅಂದರೆ ಆಸಿಡ್ ಹತ್ತಿರ ತರಬೇಡಿ. ಅನುಮಾನ ಇದ್ದರೆ ಹಿಂಬದಿ ಕಾಣದ ಮೂಲೆಯಲ್ಲಿ ಅರದಿಂದ ಒಂದು ಗೀರು ಎಳೆಯಿರಿ. ಮೆತ್ತಗೆ ಬೂದು ಬಣ್ಣ ಬಂದರೆ ಅದು ನಮ್ಮವನೇ.

ತೊಗರಿ_ಕಣಜ

ಎಲ್ಲರಿಗೂ ಥ್ಯಾಂಕ್ಸ್. ಆದ್ರೆ ಸ್ವಲ್ಪ ತಡ ಆಯ್ತು. ನಿನ್ನೆ ಭಾನುವಾರ ಕೂತುಬಿಟ್ಟೆ. ಬೈಯ್ಯಬೇಡಿ, ಪೂರ್ತಿ ಹೇಳ್ತೀನಿ.

ಹಾರ್ಡ್‌ವೇರ್ ಅಂಗಡಿಯಲ್ಲಿ ಆಧಾರ್ ತೋರಿಸಿ ರಿಜಿಸ್ಟರ್‌ನಲ್ಲಿ ಸಹಿ ಹಾಕಿ ಐದು ಲೀಟರ್ ಗಟ್ಟಿ ಆಸಿಡ್ ತಂದೆ. 2013ರ ಸುಪ್ರೀಂ ಕೋರ್ಟ್ ಆದೇಶ ಆದಮೇಲೆ ಹೀಗೇ ಕೊಡಬೇಕಂತೆ, ಒಳ್ಳೇದೇ. ಬಂಪರ್ ಯಾವ ಟಬ್‌ನಲ್ಲೂ ಹಿಡಿಸಲಿಲ್ಲ. ಅದಕ್ಕೆ ಮನೆ ಹಿಂದಿನ ಅಂಗಳದಲ್ಲಿ ಮಲಗಿಸಿ, ಹಳೆ ಬೆಡ್‌ಶೀಟ್ ಹರಿದು ಸುತ್ತಿ, ಅದರ ಮೇಲೆ ಮಗ್‌ನಿಂದ ಆಸಿಡ್ ಸುರಿದೆ. ಕೈಗೆ ರಬ್ಬರ್ ಗ್ಲೌಸ್, ಮುಖಕ್ಕೆ ಕೊರೊನಾ ಕಾಲದ ಮಾಸ್ಕ್. ಆ ಮಾಸ್ಕ್ ಆಸಿಡ್ ಹೊಗೆಗೆ ಏನೂ ಮಾಡಲ್ಲ ಅಂತ ಎರಡನೇ ಉಸಿರಿಗೇ ಗೊತ್ತಾಯ್ತು.

ನಮ್ಮ ಅಂಗಳ ಶಹಾಬಾದ್ ಕಲ್ಲು. ನನ್ನ ತಲೆಗೆ ಹೊಳೀಲೇ ಇಲ್ಲ. ಬಂಪರ್‌ನಿಂದ ತೊಟ್ಟಿಕ್ಕಿದ ಮೊದಲ ಹನಿ ಕಲ್ಲಿಗೆ ಬಿದ್ದಿದ್ದೇ ಚುಂಯ್ ಅಂತ ನೊರೆ ಎದ್ದಿತು. ಆಮೇಲೆ ನೋಡ್ತಾ ನೋಡ್ತಾ ಬಂಪರ್ ಉದ್ದಕ್ಕೂ ಬಿಳಿ ನೊರೆಯ ಗೆರೆ. ಸುಣ್ಣದ ಕಲ್ಲಿಗೆ ಆಸಿಡ್ ಸುರಿದರೆ ಇನ್ನೇನಾಗುತ್ತೆ. ಅಮ್ಮ ಅಡುಗೆ ಮನೆಯಿಂದ ಓಡಿ ಬಂದು "ಏನ್ ಮಾಡ್ಲಕತ್ತೀಯೋ, ಪರಸಿ ಎಲ್ಲಾ ಸುಡ್ಲಕತ್ತದ" ಅಂತ ಕೂಗಿದರು. ನೀರು ಹೊಡೆದು ನಿಲ್ಲಿಸಿದೆ. ಈಗ ಅಂಗಳದಲ್ಲಿ ಬಂಪರ್ ಆಕಾರದ ಒರಟು ಬಿಳಿ ಮಚ್ಚೆ ಇದೆ. ಬಾಗಿದ ಎರಡು ತುದಿ ಸಮೇತ.

ಬೆಳಿಗ್ಗೆ ಎದ್ದು ನೋಡಿದರೆ ಪಕ್ಕದಲ್ಲಿದ್ದ ಸ್ಪ್ಯಾನರ್ ಸೆಟ್, ಮಗಳ ಸೈಕಲ್ ಚೈನ್, ಕಿಟಕಿ ಸರಳು, ಎಲ್ಲಾ ಕೇಸರಿ ಬಣ್ಣ. ಮೇಡಂ ಹೇಳಿದ ಹಾಗೇ. ಬಂಪರ್‌ನಲ್ಲಿ ಅಲ್ಲಲ್ಲಿ ಕ್ರೋಮ್ ಹೋಗಿದೆ, ಅಲ್ಲಿ ಸ್ವಲ್ಪ ಹಳದಿ ಬೆರೆತ ಹೊಳಪು. ತುಕ್ಕಿದ್ದ ಕಡೆ ಸಣ್ಣ ಸಣ್ಣ ಗುಂಡಿ. ಬಕೆಟ್‌ನಲ್ಲಿ ಹಿಂಡಿಟ್ಟ ಬಟ್ಟೆಯ ನೀರು ಹಸಿರು. ಅಂಗಳ ಇನ್ನೂ ವಾಸನೆ ಬರ್ತಿದೆ, ಅಮ್ಮ ಬ್ಲೀಚಿಂಗ್ ಪೌಡರ್ ಹಾಕಿ ತೊಳೀತೀನಿ ಅಂತಿದಾರೆ.

ಪಿಯು_ಕೆಮಿಸ್ಟ್ರಿ

ಮೊದಲು ಅಮ್ಮನ್ನ ನಿಲ್ಲಿಸಿ!! ಆಸಿಡ್ ಬಿದ್ದ ಕಡೆ ಬ್ಲೀಚಿಂಗ್ ಪೌಡರ್ ಬಿದ್ದರೆ ಕ್ಲೋರಿನ್ ಗಾಳಿ ಏಳುತ್ತೆ. ಮುಚ್ಚಿದ ಜಾಗದಲ್ಲಾದರೆ ಪ್ರಾಣಕ್ಕೇ ಅಪಾಯ. ಅಡುಗೆ ಸೋಡಾ ಹಾಕಿ, ನೊರೆ ಬರೋದು ನಿಲ್ಲೋವರೆಗೆ. ಆಮೇಲೆ ನೀರು. ನಿಮ್ಮ ಕಲ್ಲೇ ಆಗಲೇ ಅರ್ಧ ಕೆಲಸ ಮಾಡಿದೆ, ಪಾಪ.

ಬಕೆಟ್ ಚೆಲ್ಲಬೇಡಿ. ಹಸಿರು ಅಂದರೆ ಹಳದಿಯಷ್ಟು ಕೆಟ್ಟದ್ದಲ್ಲ, ಆದರೂ ಕ್ರೋಮಿಯಂ ಇದೆ, ನಿಕಲ್ ಇರಬಹುದು. ಮುಚ್ಚಿಡಿ, ಆಮೇಲೆ ಹೇಳ್ತೀನಿ.

ತೊಗರಿ_ಕಣಜ

ಅಮ್ಮನ ಕೈಯಿಂದ ಡಬ್ಬಿ ಕಿತ್ಕೊಂಡೆ. ಸೋಡಾ ಹಾಕಿ ತೊಳೆದಾಯ್ತು. ನಿಮ್ಮ ಋಣ ಮರೆಯಲ್ಲ ಮೇಡಂ.

ಹಳೆ_ಬಫಿಂಗ್_ಕೈ (ಹುಮನಾಬಾದ್)

ಮಗ ಫೋನ್ ತೋರಿಸಿದ, ಓದಿದೆ. ನಾನು ಹೇಳ್ತೀನಿ ಅವನು ಟೈಪ್ ಮಾಡ್ತಾನೆ. ಹೈದರಾಬಾದ್‌ನಲ್ಲಿ ಹತ್ತೊಂಬತ್ತು ವರ್ಷ ಪ್ಲೇಟಿಂಗ್ ಅಂಗಡಿಯಲ್ಲಿ ಇದ್ದೆ. ಮೊದಲು ಬಫಿಂಗ್, ಅಂದರೆ ಚಕ್ರಕ್ಕೆ ಹಿಡಿದು ಹೊಳಪು ಕೊಡೋದು, ಆಮೇಲೆ ಲೇಪ ಹಾಕೋ ತೊಟ್ಟಿ.

ತಮ್ಮಾ, ನೀವು ಮನೆಯಲ್ಲಿ ತೆಗೆದು ತಂದ ಬಂಪರ್ ನಮಗೆ ಬೇಡ. ಕೂಲಿ ಹೋಗುತ್ತೆ ಅಂತಲ್ಲ. ಬಂಪರ್ ಅಂಚು ಒಳಗೆ ಮಡಚಿರುತ್ತೆ ನೋಡಿ, ಬ್ರಾಕೆಟ್ ಬೆಸುಗೆ ಹಾಕಿದ ಕಡೆ ಸಂದಿ ಇರುತ್ತೆ. ಆಸಿಡ್ ಅಲ್ಲಿ ಹೋಗಿ ಕೂರುತ್ತೆ. ನೀವು ಎಷ್ಟೇ ತೊಳೆಯಿರಿ, ಎರಡು ದಿನ ಬಿಟ್ಟು ಅಲ್ಲಿಂದ ಒಸರುತ್ತೆ. ಉಕ್ಕಿನ ಮೇಲೆ ಮೊದಲು ಹಾಕೋದು ತಾಮ್ರ. ಆ ಮೊದಲ ತಾಮ್ರದ ತೊಟ್ಟಿಯಲ್ಲಿ ಇರೋದು ಸೈನೈಡ್. ಸೈನೈಡ್‌ಗೆ ಆಸಿಡ್ ಸೇರಿದರೆ ಪ್ರಾಣ ತೆಗೆಯೋ ವಿಷಗಾಳಿ ಏಳುತ್ತೆ, ಬೇಕಿದ್ದರೆ ಮೇಡಂ ಅವರನ್ನ ಕೇಳಿ. ನಮ್ಮ ಅಂಗಡಿಯಲ್ಲಿ ಆಸಿಡ್ ಮಗ್ ಒಂದು ಗೋಡೆಗೆ, ಸೈನೈಡ್ ಮಗ್ ಎದುರು ಗೋಡೆಗೆ. ಹೊಸ ಹುಡುಗ ಮಗ್ ಅದಲು ಬದಲು ಮಾಡಿದರೆ ಅವತ್ತೇ ಮನೆಗೆ. ಅದಕ್ಕೆ ಕೊಡುವಾಗ ಮುಚ್ಚಿಡಬೇಡಿ, ಆಸಿಡ್ ಹಾಕಿದೀನಿ ಅಂತ ಬಾಯಿಬಿಟ್ಟು ಹೇಳಿ. ಅವರು ನೋಡ್ಕೋತಾರೆ.

ನಾವು ತೆಗೆಯೋದು ಹೇಗೆ ಅಂದರೆ, ಮೇಡಂ ಹೇಳಿದ ಕಾಸ್ಟಿಕ್ ತೊಟ್ಟಿಯೇ, ಕರೆಂಟ್ ಉಲ್ಟಾ. ಕ್ರೋಮ್ ಕೆಲವೇ ನಿಮಿಷ. ನಿಕಲ್‌ಗೆ ಸಲ್ಫ್ಯೂರಿಕ್ ತೊಟ್ಟಿ ಬೇರೆ, ಅಲ್ಲೂ ಕರೆಂಟ್ ಉಲ್ಟಾ. ಅದರ ಮುಂದೆ ನಿಂತು ನೋಡ್ತಿರಬೇಕು. ನಿಕಲ್ ಮುಗಿದ ಕೂಡಲೇ ಎತ್ತಬೇಕು, ಬಿಟ್ಟರೆ ಉಕ್ಕು ಹಾಳಾಗುತ್ತೆ. ಇದಿಷ್ಟೂ ಸಣ್ಣ ಕೆಲಸ. ದೊಡ್ಡ ಕೆಲಸ ಆಮೇಲೆ. ತಗ್ಗು ಬಡಿಯೋದು, ಪಟ್ಟಿಯಲ್ಲಿ ಉಜ್ಜೋದು, ನಾರಿನ ಚಕ್ರ, ಬಟ್ಟೆ ಚಕ್ರ. ನಿಮ್ಮ ಆಸಿಡ್ ಮಾಡಿದ ಗುಂಡಿ ಇದೆಯಲ್ಲ, ಒಂದೊಂದನ್ನೂ ತಾಮ್ರದಲ್ಲಿ ತುಂಬಬೇಕು, ಉಜ್ಜಬೇಕು, ಮತ್ತೆ ತಾಮ್ರ, ಮತ್ತೆ ಉಜ್ಜು. ಕ್ರೋಮ್ ಏನನ್ನೂ ಮುಚ್ಚಲ್ಲ ತಮ್ಮಾ. ಕೆಳಗೆ ಒಂದು ಗೀರಿದ್ದರೆ ಅದನ್ನ ಕನ್ನಡಿಯಲ್ಲಿ ಹಿಡಿದು ತೋರಿಸುತ್ತೆ. ನೀವು ಕೊಡೋ ದುಡ್ಡಿನಲ್ಲಿ ಮುಕ್ಕಾಲು ಪಾಲು ಉಜ್ಜೋದಕ್ಕೆ. ತೆಗೆಯೋ ಕೂಲಿ ಉಳಿಸೋಕೆ ಹೋಗಿ ಉಜ್ಜೋ ಕೂಲಿ ಜಾಸ್ತಿ ಮಾಡ್ಕೊಂಡಿರಿ.

ಅಂಗಡಿಯವರನ್ನ ಕೇಳಿ, ತಾಮ್ರ ಹಾಕ್ತೀರಾ, ನಿಕಲ್ ಎಷ್ಟು ಹೊತ್ತು ಬಿಡ್ತೀರಾ ಅಂತ. ಎರಡಕ್ಕೂ ಸರಿಯಾಗಿ ಉತ್ತರ ಕೊಡದೆ ಹೊಳೆಯುತ್ತೆ ಹೊಳೆಯುತ್ತೆ ಅಂತಷ್ಟೇ ಹೇಳಿದರೆ ಎದ್ದು ಬನ್ನಿ. ತೆಳು ನಿಕಲ್ ಮೇಲೆ ಕ್ರೋಮ್ ಹಾಕಿದರೆ ಮೊದಲ ದಿನ ಅದೂ ಹೊಳೆಯುತ್ತೆ. ಎರಡು ಮಳೆಗಾಲ ಕಾಯಿರಿ.

ಇನ್ನೊಂದು. ನನ್ನ ಉಸ್ತಾದರು ಮೂವತ್ತು ವರ್ಷ ಕ್ರೋಮ್ ತೊಟ್ಟಿ ಪಕ್ಕ ನಿಂತವರು. ಅವರ ಮೂಗಿನ ನಡುಗೋಡೆಗೆ ತೂತು ಬಿದ್ದಿತ್ತು. ನೋವಿರಲಿಲ್ಲವಂತೆ. ಜೋರಾಗಿ ಉಸಿರೆಳೆದರೆ ಸಣ್ಣ ಸೀಟಿ ಬರ್ತಿತ್ತು, ನಾವು ಹುಡುಗರು ನಗ್ತಿದ್ದೆವು. ನನ್ನ ಎಡಗೈ ಬೆರಳಿನ ಗೆಣ್ಣಿನಲ್ಲಿ ಕಡಲೆಕಾಳಿನಷ್ಟು ಗುಂಡಿ ಇದೆ, ಕ್ರೋಮ್ ಹುಣ್ಣು ಆಗಿ ಒಣಗಿದ್ದು. ಇಷ್ಟು ವರ್ಷ ಆಯ್ತು, ತುಂಬಿಲ್ಲ. ಯೂಟ್ಯೂಬ್ ನೋಡಿ ತೊಟ್ಟಿ ಇಡೋರಿಗೆ ಇದನ್ನ ತೋರಿಸಬೇಕು ಅನ್ನಿಸುತ್ತೆ.

ಸ್ಪ್ಯಾನರ್_33

ಕಾಕಾ, ಕೈ ಮುಗಿದೆ. ಗ್ಯಾರೇಜಿನಲ್ಲಿ ಇಪ್ಪತ್ತು ವರ್ಷ ಆಯ್ತು, ಸೈನೈಡ್ ವಿಷಯ ನನಗೂ ಗೊತ್ತಿರಲಿಲ್ಲ.

ಪದ್ಮಿನಿ_ಪುರಾಣ (ಕಲಬುರಗಿ)

ನಡುವೆ ನನ್ನದೊಂದು ಪ್ರಶ್ನೆ ತೂರಿಸ್ತೀನಿ. ನನ್ನ ಪ್ರೀಮಿಯರ್ ಪದ್ಮಿನಿಗೆ ಮತ್ತೆ ಕ್ರೋಮ್ ಬೇಡ, ಬಜೆಟ್ ಇಲ್ಲ. ಬಂಪರ್‌ಗೆ ಕಪ್ಪು ಪೇಂಟ್ ಹೊಡೆಸಬೇಕು. ಆಗಲೂ ಎಲ್ಲಾ ತೆಗೀಬೇಕಾ?

ಸ್ಪ್ಯಾನರ್_33

ಬೇಡ. ಗಟ್ಟಿಯಾಗಿ ಅಂಟಿಕೊಂಡ ಕ್ರೋಮ್ ಸರಿಯಾಗಿ ಉಜ್ಜಿದರೆ ಪೇಂಟ್‌ಗೆ ತಳವಾಗಿ ನಡೆಯುತ್ತೆ, ಅದನ್ನ ಯಾಕೆ ಕೀಳ್ತೀರಿ. ಎದ್ದಿರೋ ಚಕ್ಕೆ ಮಾತ್ರ ಕೆರೆದು, ಆ ಅಂಚನ್ನ ಬೆರಳಿಗೆ ತಾಗದಷ್ಟು ನುಣುಪು ಮಾಡಿ. ಉಳಿದದ್ದರ ಹೊಳಪು ಸಾಯೋವರೆಗೆ ಉಜ್ಜಿ. ಕ್ರೋಮ್ ಭಾರಿ ಗಟ್ಟಿ, ಮಾಮೂಲಿ ಪಾಲಿಶ್ ಪೇಪರ್ ಅದರ ಮೇಲೆ ಜಾರುತ್ತೆ, ಪೇಪರೇ ನುಣುಪಾಗುತ್ತೆ. 80 ನಂಬರ್‌ನಿಂದ ಶುರು ಮಾಡಿ, ಆಮೇಲೆ 180. ಅದರ ಮೇಲೆ ಎಪಾಕ್ಸಿ ಪ್ರೈಮರ್. ಮಾಮೂಲಿ ರೆಡ್ ಆಕ್ಸೈಡ್ ಹೊಡೆದರೆ ಮೊದಲ ಕಲ್ಲೇಟಿಗೇ ಹಾಳೆ ಹಾಳೆಯಾಗಿ ಬರುತ್ತೆ, ನಾನೇ ಅನುಭವಿಸಿದ್ದು. ಉಜ್ಜುವಾಗ ಒಳ್ಳೆ ಡಸ್ಟ್ ಮಾಸ್ಕ್ ಇರಲಿ. ನೀರು ಹಾಕ್ಕೊಂಡು ಉಜ್ಜಿದರೆ ಇನ್ನೂ ಒಳ್ಳೇದು, ಧೂಳೇ ಏಳಲ್ಲ.

ತುಕ್ಕು ಜಾಸ್ತಿ ಇದ್ದರೆ ಬ್ಲಾಸ್ಟಿಂಗ್‌ಗೆ, ಅಂದರೆ ಜೋರು ಗಾಳಿಯಲ್ಲಿ ಒರಟು ಪುಡಿ ಹೊಡೆದು ತುಕ್ಕು ತೆಗೆಯೋ ಕಡೆ, ಕೊಡಿ. ಆದರೆ ನದಿ ಮರಳು ಹೊಡೆಯೋ ಕಡೆ ಕೊಡಬೇಡಿ, ಆ ಧೂಳು ಹೊಡೆಯೋ ಹುಡುಗನ ಶ್ವಾಸಕೋಶ ತಿನ್ನುತ್ತೆ. ನಮ್ಮ ಕಡೆ ಕಲ್ಲಿನ ಕೆಲಸ ಮಾಡಿದವರ ಕೆಮ್ಮು ಕೇಳಿದೀರಲ್ಲ.

ಭಾಲ್ಕಿ_ಕಬ್ಬು

ತುಕ್ಕು ಒಂದೇ ಸಮಸ್ಯೆ ಅಂದರೆ ನಮ್ಮ ಔಷಧ ಕೇಳಿ. ಕಾಕವಿ! ನಗಬೇಡಿ. ಒಂದು ಪಾಲು ಕಾಕವಿ, ಒಂಬತ್ತು ಪಾಲು ನೀರು. ಎರಡು ವಾರ ಮುಳುಗಿಸಿಡಿ, ಬೇಸಿಗೆಯಲ್ಲಿ ಅದಕ್ಕೂ ಬೇಗ. ತುಕ್ಕು ಬಿಟ್ಟು ಬೂದು ಉಕ್ಕು ಕಾಣುತ್ತೆ, ಒಳ್ಳೆ ಉಕ್ಕಿಗೆ ಏಟಿಲ್ಲ, ಕ್ರೋಮ್‌ಗೂ ಏಟಿಲ್ಲ. ಸಕ್ಕರೆ ಕಾರ್ಖಾನೆಯ ಕಾಕಂಬಿಯೂ ಆಗುತ್ತೆ, ಆದರೆ ಅದಕ್ಕೆ ಅಬಕಾರಿ ಲೆಕ್ಕ ಇರುತ್ತೆ, ಸುಮ್ನೆ ಕೊಡಲ್ಲ. ಗಾಣದಲ್ಲಿ ಹುಳಿ ಬಂದ ಹಳೆ ಕಾಕವಿ ಕೇಳಿ, ಕಮ್ಮಿಗೆ ಕೊಡ್ತಾರೆ.

ಬಂಪರ್ ಉದ್ದ ಅಲ್ವಾ, ನಾನು ಟ್ರ್ಯಾಕ್ಟರ್ ಬಂಪರ್‌ಗೆ ನೆಲದಲ್ಲಿ ಉದ್ದಕ್ಕೆ ಕುಣಿ ತೋಡಿ ತಾಡಪತ್ರಿ ಹಾಸಿದ್ದೆ. ಆರನೇ ದಿನದಿಂದ ಹುಳಿ ವಾಸನೆ, ಮೇಲೆ ನೊರೆ. ಒಂದು ಎಮ್ಮೆ ಹಗ್ಗ ಬಿಚ್ಚಿಕೊಂಡು ಬಂದು ಅರ್ಧ ಕುಣಿ ಕುಡಿದು ಹೋಯ್ತು. ಎಮ್ಮೆಗೆ ಏನೂ ಆಗಲಿಲ್ಲ, ನನಗೆ ಮನೆಯಲ್ಲಿ ಆಯ್ತು. ಮೇಲೆ ಹಲಗೆ ಮುಚ್ಚಿ. ಸತು, ಅಲ್ಯೂಮಿನಿಯಂ ಹಾಕಬೇಡಿ, ಹಾಳಾಗುತ್ತೆ. ತೆಗೆದ ಕೂಡಲೇ ಜೋರು ನೀರಲ್ಲಿ ತೊಳೆದು, ಒರೆಸಿ, ಎಣ್ಣೆ ಹಚ್ಚಿ. ಹತ್ತು ನಿಮಿಷ ಬಿಟ್ಟರೂ ಹೊಸ ತುಕ್ಕು ಕೂರುತ್ತೆ.

ನವಸಾಗರ

ಹಿಂದಿನ ಬಂಪರ್ ಬರೀ ಮಂಕು ಅಂದಿರಲ್ಲ, ಅದಕ್ಕೆ ಚಪಾತಿ ಸುತ್ತೋ ಫಾಯಿಲ್ ಸಾಕು. ಉಂಡೆ ಮಾಡಿ, ನೀರಲ್ಲಿ ಅದ್ದಿ, ಉಜ್ಜಿ. ಫಾಯಿಲ್ ಕ್ರೋಮ್‌ಗಿಂತ ಮೆತ್ತಗೆ, ಗೀರು ಬೀಳಲ್ಲ. ಕಪ್ಪು ಗಸಿ ಬರುತ್ತೆ, ಬಟ್ಟೆಯಲ್ಲಿ ಒರೆಸಿ. ಮೇಲೆ ಸ್ವಲ್ಪ ಮೇಣದ ಪಾಲಿಶ್.

ವಿಎ_ಸರಣಿ (ಬೀದರ್)

ನನ್ನ ಅಭಿಪ್ರಾಯ ಯಾರಿಗೂ ಹಿಡಿಸಲ್ಲ, ಆದರೂ ಹೇಳ್ತೀನಿ. 1972ರದ್ದು ಅಂದರೆ 50 ವರ್ಷ ದಾಟಿದೆ. 2021ರ ನಿಯಮದ ಪ್ರಕಾರ ವಿಂಟೇಜ್ ಅಂತ ನೋಂದಣಿ ಮಾಡಿಸಬಹುದು, ನಂಬರ್ ಪ್ಲೇಟ್‌ನಲ್ಲಿ ವಿಎ ಅಂತ ಬರುತ್ತೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಹತ್ತು ವರ್ಷಕ್ಕೆ. ಗಾಡಿ ಮೂಲ ರೂಪದಲ್ಲಿ ಇರಬೇಕು ಅನ್ನೋದು ಷರತ್ತು. ಬಂಪರ್‌ಗೆ ಮತ್ತೆ ಕ್ರೋಮ್ ಮಾಡಿಸಿದರೆ ತೊಂದರೆ ಇಲ್ಲ. ಆದರೆ ನನ್ನ ಕಣ್ಣಿಗೆ ಹೊಸ ಬಂಪರ್ ಹಾಕಿದ ಹಳೆ ಕಾರು ಹಲ್ಲಿನ ಸೆಟ್ ಹಾಕ್ಕೊಂಡ ಅಜ್ಜನ ಹಾಗೆ. ಆ ತಗ್ಗಾದರೂ ಹಾಗೇ ಬಿಡಿ. ಅದು ನಿಮ್ಮ ಅಪ್ಪಾಜಿಯ ಗುರುತು.

ಜಾಲಿ_ರೈಡ್

ಅಜ್ಜನಿಗೂ ಊಟ ಮಾಡೋಕೆ ಹಲ್ಲು ಬೇಕಲ್ಲ ಸರ್.

ತೊಗರಿ_ಕಣಜ

ಮೂರು ವಾರ ಆಯ್ತು, ಏನೇನಾಯ್ತು ಹೇಳ್ತೀನಿ.

ಮುಂದಿನ ಬಂಪರ್ ಹೈದರಾಬಾದ್‌ಗೆ ಹೋಯಿತು. ಕಾಕಾ ಹೇಳಿದ ಹಾಗೆ ಹೋದ ತಕ್ಷಣ ಆಸಿಡ್ ಹಾಕಿದೀನಿ ಅಂದೆ. ಅಂಗಡಿಯವರು ನನ್ನ ಮುಖ ನೋಡಿ, ಬಂಪರ್‌ನ ಮಡಚಿದ ಅಂಚಿಗೆ ಮೂಗು ಹಿಡಿದು, ಹುಡುಗನನ್ನ ಕರೆದು ಅದನ್ನ ಬೇರೆ ಕಡೆ ಇಡಿಸಿದರು. ಸೋಡಾ ನೀರಲ್ಲಿ ಎರಡು ದಿನ ನೆನೆಸಿ, ಆಮೇಲೆ ಶುರು ಮಾಡ್ತೀವಿ ಅಂದರು. ತಾಮ್ರ ಹಾಕ್ತೀರಾ ಅಂತ ಕೇಳಿದ್ದಕ್ಕೆ ನಕ್ಕು, ಯಾರು ಹೇಳಿಕೊಟ್ಟರು ಅಂದರು. ಗುಂಡಿ ತುಂಬೋದಕ್ಕೆ ಅಂತ ಮೊದಲು ಹೇಳಿದ್ದಕ್ಕಿಂತ 3,500 ರೂಪಾಯಿ ಜಾಸ್ತಿ. ತೆಗೆಯೋ ಕೂಲಿ ಅಂತ ಮೊದಲು ಕೇಳಿದ್ದು 1,200. ಇದನ್ನ ಮನೆಯಲ್ಲಿ ಹೇಳಿಲ್ಲ.

ತಗ್ಗಿನ ಬಗ್ಗೆ. ವಿಎ ಸರಣಿ ಸರ್ ಮಾತು ಮನಸ್ಸಿಗೆ ತಟ್ಟಿತು, ಅಪ್ಪಾಜಿಯ ಗುರುತು ಅಂತ ಬಿಡೋಣ ಅಂದ್ಕೊಂಡೆ. ರಾತ್ರಿ ಊಟಕ್ಕೆ ಕೂತಾಗ ಅಮ್ಮನಿಗೆ ಹೇಳಿದೆ. ಅಮ್ಮ ರೊಟ್ಟಿ ಬಡಿಯೋದು ನಿಲ್ಲಿಸಿದರು. "ಅದು ನಿಮ್ಮಪ್ಪ ಮಾಡಿದ್ದಲ್ಲೋ, ನಾ ಮಾಡಿದ್ದು" ಅಂದರು. ನಾನು ಹುಟ್ಟೋ ಮುಂಚೆ ಎನ್.ವಿ. ಮೈದಾನದಲ್ಲಿ ಅಪ್ಪಾಜಿ ಗಾಡಿ ಕಲಿಸೋಕೆ ಕರ್ಕೊಂಡು ಹೋಗಿದ್ದರಂತೆ. ಬ್ರೇಕ್ ಅಂತ ಆಕ್ಸಿಲರೇಟರ್ ತುಳಿದು ಕಂಬಕ್ಕೆ. ಆಮೇಲೆ ಸ್ಟೀರಿಂಗ್ ಮುಟ್ಟಿಲ್ಲ, ಅಪ್ಪಾಜಿಯೂ ಯಾರಿಗೂ ಹೇಳಿಲ್ಲ. ಹಾಗಾದರೆ ಬಿಡೋಣ್ವಾ ಅಂದೆ. "ತೆಗೆಸಿಬಿಡು ಮಾರಾಯಾ, ನಲವತ್ತು ವರ್ಷ ನೋಡಿ ಸಾಕಾಗ್ಯದ" ಅಂದರು. ಅಂಗಡಿಗೆ ಫೋನ್ ಮಾಡಿ ಬಡಿಯೋಕೆ ಹೇಳಿದೆ.

ಹಿಂದಿನದಕ್ಕೆ ಫಾಯಿಲ್ ಉಜ್ಜಿದೆ. ನಾಲ್ಕು ಕಡೆ ಗುಂಡುಪಿನ್ ತಲೆಯಷ್ಟು ಚುಕ್ಕಿ ಬಿಟ್ಟರೆ ಮುಖ ಕಾಣುತ್ತೆ. ಅದನ್ನ ಹಾಗೇ ಬಿಡ್ತೀನಿ. ಬಾಗಿಲ ಹಿಡಿಕೆಗೆ ಅಯಸ್ಕಾಂತ ಅಂಟಲಿಲ್ಲ, ಬಿದ್ರಿಯ ಬಡ ತಮ್ಮನೇ. ಸೋಪು ನೀರಲ್ಲಿ ತೊಳೆದು ಸುಮ್ನಾದೆ. ಸ್ಪ್ಯಾನರ್ ಸೆಟ್ ಕಾಕವಿಯಲ್ಲಿ ಮಲಗಿದೆ, ಮೇಲೆ ಹಲಗೆ ಇಟ್ಟಿದೀನಿ.

ಉಳಿದಿರೋದು ಆ ಹಸಿರು ಬಕೆಟ್. ಮೇಡಂ, ಏನು ಮಾಡಲಿ?

ಪಿಯು_ಕೆಮಿಸ್ಟ್ರಿ

ಅರಳಿದ ಸುಣ್ಣ ನೀರಲ್ಲಿ ಕದಡಿ ಸ್ವಲ್ಪ ಸ್ವಲ್ಪವೇ ಹಾಕಿ, ಒಂದೇ ಸಲ ಸುರಿದರೆ ಬಿಸಿಯಾಗಿ ಸಿಡಿಯುತ್ತೆ. ಹೊರಗಡೆ, ಕನ್ನಡಕ ಹಾಕ್ಕೊಂಡು. ಕೋಲಲ್ಲಿ ತಿರುಗಿಸ್ತಾ ಇರಿ. ಲಿಟ್ಮಸ್ ಕಾಗದ ಕೆಂಪಾಗೋದು ನಿಂತು ನೀಲಿಗೆ ತಿರುಗಿದಾಗ ನಿಲ್ಲಿಸಿ. ಲೋಹ ಬಹುಪಾಲು ಕೆಸರಾಗಿ ತಳಕ್ಕೆ ಕೂರುತ್ತೆ, ಮೇಲಿನ ನೀರು ತಿಳಿಯಾಗುತ್ತೆ. ಆ ನೀರನ್ನ ಅಗಲ ತಟ್ಟೆಯಲ್ಲಿ ಬಿಸಿಲಿಗಿಟ್ಟು ಆರಿಸಿ, ನಿಮ್ಮೂರ ಬಿಸಿಲಿಗೆ ಎಷ್ಟು ಹೊತ್ತು. ಉಳಿದ ಕೆಸರು ಒಣಗಿಸಿ ಡಬ್ಬಿಗೆ ಹಾಕಿ, ಬಂಪರ್ ತರೋಕೆ ಹೋದಾಗ ಪ್ಲೇಟಿಂಗ್‌ನವರಿಗೆ ಕೊಡಿ. ಅವರ ತೊಟ್ಟಿಯ ಕೆಸರು ಹೋಗೋ ಕಡೆಗೇ ಇದೂ ಹೋಗಬೇಕು. ತೆಗೆದುಕೊಳ್ಳಲ್ಲ ಅಂದರೆ ಇಲ್ಲೇ ಬರೆಯಿರಿ, ಕಾಲೇಜಿನ ಲ್ಯಾಬ್ ಕಡೆಯಿಂದ ವಿಚಾರಿಸ್ತೀನಿ. ಡಬ್ಬಿ ಮೇಲೆ ದೊಡ್ಡದಾಗಿ ಹೆಸರು ಬರೆಯೋದು ಮರೀಬೇಡಿ.

ತೊಗರಿ_ಕಣಜ

ಕೆಸರು ಒಣಗಿದೆ, ಒಂದು ಹಾರ್ಲಿಕ್ಸ್ ಬಾಟಲಿ ಆಗುವಷ್ಟು. ಟೇಪ್ ಸುತ್ತಿ "ವಿಷ, ಮುಟ್ಟಬೇಡಿ" ಅಂತ ಬರೆದು ಶೆಡ್‌ನ ಮೇಲಿನ ಅಟ್ಟದಲ್ಲಿಟ್ಟೆ. ಬೆಳಿಗ್ಗೆ ನೋಡಿದರೆ ಕೆಳಗೆ ಅಮ್ಮನ ಕೈಬರಹದಲ್ಲಿ ಇನ್ನೊಂದು ಸಾಲು: "ಬ್ಲೀಚಿಂಗ್ ಪೌಡರ್ ಹಾಕಬಾರದು."